ಕ್ಲಿಪ್ ತೆಗೆದು ವರ್ಷಗಳಾದ ಮೇಲೆ ಹಲ್ಲು ಮತ್ತೆ ಸೊಟ್ಟಗಾಗುವುದೇಕೆ?

ಪ್ರಶ್ನೆ: ನನಗೆ 29 ವರ್ಷ. 15ನೇ ವಯಸ್ಸಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿದ್ದರು. ಜಾಗ ಸಾಲದು ಅಂತ ಮೇಲೆ ಎರಡು, ಕೆಳಗೆ ಎರಡು ಹಲ್ಲು ಕಿತ್ತಿದ್ದರು. ಎರಡು ವರ್ಷ ಕಳೆದು ಕ್ಲಿಪ್ ತೆಗೆದಾಗ ಹಲ್ಲು ತುಂಬಾ ಚೆನ್ನಾಗಿತ್ತು. ಆಗ, ಹಲ್ಲು ಸರಿಯದ ಹಾಗೆ ಹಿಡಿದಿಡಲು ಕೊಟ್ಟ ಪ್ಲಾಸ್ಟಿಕ್ ರಿಟೇನರ್ ಅನ್ನು ಒಂದೆರಡು ವರ್ಷ ರಾತ್ರಿ ಹೊತ್ತು ಹಾಕಿಕೊಂಡೆ, ಆಮೇಲೆ ಬಿಟ್ಟುಬಿಟ್ಟೆ. ಈಗ ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರುತ್ತಿವೆ. ಮೇಲಿನ ಒಂದು ಹಲ್ಲೂ ಸ್ವಲ್ಪ ತಿರುಗಿದೆ. ಬುದ್ಧಿಹಲ್ಲು ಹಿಂದಿನಿಂದ ತಳ್ಳುತ್ತಿದೆ, ಕೀಳಿಸಿದರೆ ಸರಿಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಆಗ ಮಾಡಿದ ಚಿಕಿತ್ಸೆಯೇ ಸರಿ ಇರಲಿಲ್ಲವಾ? ಹಳೇ ರಿಟೇನರ್ ಇನ್ನೂ ಇದೆ, ಒತ್ತಿ ಹಾಕಿಕೊಳ್ಳಬಹುದಾ? ನನ್ನ ತಂಗಿಗೆ ಮುಂದಿನ ತಿಂಗಳು ಕ್ಲಿಪ್ ತೆಗೆಯುತ್ತಾರೆ. ಅವಳಿಗೂ ಹೀಗೇ ಆಗದಿರಲು ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಮನಸ್ಸಿನಲ್ಲಿರುವ ಅನುಮಾನಕ್ಕೆ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿದ್ದನ್ನು ನೋಡಿದರೆ ಚಿಕಿತ್ಸೆ ಕೆಟ್ಟದಾಗಿತ್ತು ಅನ್ನಲು ಯಾವ ಕಾರಣವೂ ಕಾಣುವುದಿಲ್ಲ. ಇದು ನಿಮ್ಮ ತಪ್ಪು ಅಂತ ಕೊರಗುವುದೂ ಬೇಡ. ಒಳ್ಳೆಯ ವೈದ್ಯರ ಕೈಯಲ್ಲಿ, ಎಲ್ಲ ನಿಯಮ ಪಾಲಿಸಿ ಮುಗಿದ ಚಿಕಿತ್ಸೆಯಲ್ಲೂ ಹೀಗಾಗುತ್ತದೆ. ನಿಮಗೆ 17ನೇ ವಯಸ್ಸಿನಲ್ಲಿ ಯಾರೂ ಒತ್ತಿ ಹೇಳದೇ ಹೋದ ಮಾತು ಒಂದಿದೆ. ಹಲ್ಲು ಯಾವತ್ತೂ ಪೂರ್ತಿ "ಕೂರುವುದಿಲ್ಲ". ಇನ್ನು ಅಲ್ಲಾಡಲ್ಲ ಅನ್ನುವ ಒಂದು ದಿನ ಬರುವುದೇ ಇಲ್ಲ. ಕ್ಲಿಪ್ ತೆಗೆದ ದಿನಕ್ಕೆ ಅರ್ಧ ಚಿಕಿತ್ಸೆ ಮುಗಿದಿರುತ್ತದೆ ಅಷ್ಟೇ. ಸಿಕ್ಕ ಜಾಗದಲ್ಲಿ ಹಲ್ಲನ್ನು ಹಿಡಿದಿಡುವುದು ಉಳಿದರ್ಧ. ಇದನ್ನು ಕ್ಲಿಪ್ ಹಾಕುವ ಮುಂಚೆಯೇ ಹೇಳಬೇಕು. ಎಷ್ಟೋ ಕಡೆ ಕೊನೆಯ ದಿನ, ಎಲ್ಲರೂ ಖುಷಿಯಲ್ಲಿರುವಾಗ, ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದ ಹಾಗೆ ನಿಂತಿರುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ಅಗಲದ ತೆಳು ಪದರ ಇರುತ್ತದೆ. ಅದರ ತುಂಬ ಸಣ್ಣ ಸಣ್ಣ ನಾರುಗಳು. ಒಂದು ತುದಿ ಬೇರಿಗೆ, ಇನ್ನೊಂದು ತುದಿ ಮೂಳೆಗೆ. ಹಲ್ಲು ಈ ನಾರುಗಳಲ್ಲಿ ತೂಗುಬಿದ್ದಿರುತ್ತದೆ. ಕ್ಲಿಪ್ಪಿನ ತಂತಿ ಹಲ್ಲನ್ನು ಒಂದು ಕಡೆಗೆ ಹಗುರವಾಗಿ ಒತ್ತುತ್ತಲೇ ಇದ್ದರೆ, ಒತ್ತಿದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸ ಮೂಳೆ ಕಟ್ಟುತ್ತದೆ. ಹಲ್ಲು ಸರಿಯುವುದು ಹೀಗೆ. ಕ್ಲಿಪ್ ತೆಗೆದ ತಕ್ಷಣ ಈ ವ್ಯವಸ್ಥೆ ನಿಲ್ಲುವುದಿಲ್ಲ. ಜೀವ ಇರುವವರೆಗೂ ಅದು ಕೆಲಸ ಮಾಡುತ್ತಿರುತ್ತದೆ. ಕ್ಲಿಪ್ಪಿನ ಒತ್ತಡಕ್ಕೆ ಸರಿದ ಹಲ್ಲು ಬೇರೆ ಒತ್ತಡಕ್ಕೂ ಸರಿಯುತ್ತದೆ.

ಚಿಕಿತ್ಸೆ ಮುಗಿದಾಗ ಈ ನಾರುಗಳೆಲ್ಲ ಅಸ್ತವ್ಯಸ್ತವಾಗಿರುತ್ತವೆ. ಬೇರಿನ ಸುತ್ತಲಿನವು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ವಸಡಿನೊಳಗಿನ ನಾರುಗಳಿಗೆ ನಾಲ್ಕರಿಂದ ಆರು ತಿಂಗಳು. ಮೂಳೆಯ ಅಂಚಿಗಿಂತ ಮೇಲೆ, ಹಲ್ಲಿನ ಕುತ್ತಿಗೆಯನ್ನು ಬಳಸಿಕೊಂಡು ಹೋಗುವ ನಾರುಗಳು ಎಲ್ಲಕ್ಕಿಂತ ಹಟಮಾರಿ. ಅವಕ್ಕೆ ಒಂದು ವರ್ಷವೂ ಸಾಲದೇ ಹೋಗಬಹುದು. ನಾರ್ವೆಯ ಕೋರೆ ರೈಟನ್ ಎಂಬ ವಿಜ್ಞಾನಿ ನಾಯಿಗಳ ಹಲ್ಲನ್ನು ತಿರುಗಿಸಿ, ಹಾಗೇ ಹಿಡಿದಿಟ್ಟು, ಆಮೇಲೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. 232 ದಿನ ಕಳೆದ ಮೇಲೂ ಆ ನಾರುಗಳು ಎಳೆದುಕೊಂಡ ಸ್ಥಿತಿಯಲ್ಲೇ ಇದ್ದವು. ಎಳೆದು ಹಿಡಿದ ರಬ್ಬರ್ ಬ್ಯಾಂಡ್ ಹೇಗೆ ಬಿಟ್ಟ ಕೂಡಲೇ ಹಿಂದಕ್ಕೆ ಹೋಗುತ್ತದೋ ಹಾಗೆ, ಹಲ್ಲನ್ನು ಹಿಡಿದಿಟ್ಟಿದ್ದನ್ನು ಬಿಟ್ಟರೆ ಅವು ಅದನ್ನು ಹಳೇ ಕಡೆಗೆ ತಿರುಗಿಸುತ್ತವೆ.

ನಿಮ್ಮ ಮೇಲಿನ ಹಲ್ಲಿನ ವಿಷಯ ಬಹುಶಃ ಇದೇ. ಒಂದು ಕೆಲಸ ಮಾಡಿ. 14 ಅಥವಾ 15ನೇ ವಯಸ್ಸಿನಲ್ಲಿ ನೀವು ನಗುತ್ತಿರುವ ಫೋಟೊ ಹುಡುಕಿ, ಈಗಿನ ಫೋಟೊ ಪಕ್ಕದಲ್ಲಿಟ್ಟು ನೋಡಿ. ಹಲ್ಲು ಆಗ ಯಾವ ಕಡೆಗೆ ತಿರುಗಿತ್ತೋ ಈಗಲೂ ಅದೇ ಕಡೆಗೆ ತಿರುಗಿದ್ದರೆ, ಅದು ಹಳೇ ಜಾಗಕ್ಕೆ ವಾಪಸ್ ಹೊರಟಿದೆ ಅಂತ ಅರ್ಥ. ತುಂಬಾ ತಿರುಗಿದ್ದ ಹಲ್ಲಿಗೆ ಚಿಕಿತ್ಸೆಯ ಕೊನೆಯಲ್ಲಿ ವಸಡಿನ ಅಂಚಿನ ಆ ನಾರುಗಳನ್ನು ಮರಗಟ್ಟಿಸಿ ಸಣ್ಣದಾಗಿ ಕೊಯ್ದು ಬಿಡುವ ಪದ್ಧತಿಯೂ ಉಂಟು. ಅದರಿಂದ ವಾಪಸಾಗುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಎರಡು ಮುಂದಿನ ಹಲ್ಲುಗಳ ನಡುವೆ ಸಂದು ಇದ್ದು ಅದನ್ನು ಮುಚ್ಚಿಸಿಕೊಂಡವರಿಗೂ ಇದೇ ತೊಂದರೆ. ಸಂದು ಮತ್ತೆ ಬಾಯಿ ಬಿಡುತ್ತದೆ.

ಕೆಳಗಿನ ಹಲ್ಲುಗಳ ಕತೆಯೇ ಬೇರೆ. ನೀವು ಹೇಳಿದ ಹಾಗೆ ಎಷ್ಟೋ ವರ್ಷ ನೆಟ್ಟಗಿದ್ದು ಆಮೇಲೆ ಒತ್ತೊತ್ತಾಗಲು ಶುರುವಾದರೆ, ಅದಕ್ಕೆ ಕ್ಲಿಪ್ಪಿನ ಜೊತೆ ಅಷ್ಟೇನೂ ಸಂಬಂಧವಿಲ್ಲ. ವಯಸ್ಸಾಗುತ್ತಾ ಕೆಳದವಡೆಯ ಹಲ್ಲುಸಾಲು ತಾನಾಗಿಯೇ ಕಿರಿದಾಗುತ್ತದೆ. ಎರಡು ಕೋರೆಹಲ್ಲುಗಳ ನಡುವಿನ ಅಗಲ ಕಡಿಮೆಯಾಗುತ್ತದೆ. ಹಿಂದಿನ ಹಲ್ಲುಗಳು ನಿಧಾನಕ್ಕೆ ಮುಂದಕ್ಕೆ ಸರಿಯುತ್ತವೆ. ಮಧ್ಯದ ನಾಲ್ಕು ಬಾಚಿಹಲ್ಲುಗಳಿಗೆ ಜಾಗ ಸಾಲದೆ ಒಂದನ್ನೊಂದು ಹತ್ತುತ್ತವೆ. ಹುಟ್ಟಿನಿಂದ ಸಾಲಾಗಿ ಹಲ್ಲಿದ್ದು, ಕ್ಲಿಪ್ಪನ್ನೇ ಕಾಣದವರಲ್ಲೂ ಇದಾಗುತ್ತದೆ. ನಿಮ್ಮ ಮನೆಯ ಹಿರಿಯರ ಕೆಳಗಿನ ಹಲ್ಲುಗಳನ್ನು ಒಮ್ಮೆ ಗಮನಿಸಿ, ಗೊತ್ತಾಗುತ್ತದೆ. ಹದಿಹರೆಯದ ಕೊನೆಯಿಂದ ಮೂವತ್ತರವರೆಗೆ ಇದರ ವೇಗ ಜಾಸ್ತಿ. ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಈ ವಿಷಯದಲ್ಲಿ ನಮ್ಮ ಕ್ಷೇತ್ರದ ಕಣ್ಣು ತೆರೆಸಿದ್ದು ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆಲಸ. ಅಲ್ಲಿನವರು ಚಿಕಿತ್ಸೆ ಮುಗಿದವರನ್ನು ದಶಕಗಳ ನಂತರ ಮತ್ತೆ ಕರೆಸಿ, ಹಲ್ಲಿನ ಅಚ್ಚು ತೆಗೆದು, ಹಳೇ ಅಚ್ಚುಗಳ ಜೊತೆ ಹೋಲಿಸಿದರು. ಆ ತಂಡದ ರಾಬರ್ಟ್ ಲಿಟಲ್ 1975ರಲ್ಲಿ ಒಂದು ಸರಳ ಅಳತೆ ಕೊಟ್ಟರು. ಕೆಳಗಿನ ಮುಂದಿನ ಆರು ಹಲ್ಲುಗಳು ಒಂದಕ್ಕೊಂದು ತಾಗುವ ಐದು ಜಾಗಗಳಲ್ಲಿ ಎಷ್ಟೆಷ್ಟು ಮಿಲಿಮೀಟರ್ ಹಿಂದೆ ಮುಂದೆ ಆಗಿದೆ ಅಂತ ಅಳೆದು ಕೂಡಿಸುವುದು. ಮೊತ್ತ 3.5ಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ ಅಂತ ಲೆಕ್ಕ. 1981ರಲ್ಲಿ ಅವರು 65 ಜನರ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ನಿಮ್ಮ ಹಾಗೆಯೇ ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡವರು, ರಿಟೇನರ್ ಬಿಟ್ಟು ಕನಿಷ್ಠ 10 ವರ್ಷ ಆದವರು. ಅವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನರ ಕೆಳಗಿನ ಹಲ್ಲುಸಾಲು ತೃಪ್ತಿಕರವಾಗಿ ಉಳಿದಿರಲಿಲ್ಲ. 1988ರಲ್ಲಿ, 20 ವರ್ಷದ ಹಂತದಲ್ಲಿ 31 ಜನರನ್ನು ನೋಡಿದಾಗ ಸಾಲು ಒಪ್ಪುವಂತಿದ್ದದ್ದು ನೂರಕ್ಕೆ 10ರಷ್ಟು ಜನರಲ್ಲಿ ಮಾತ್ರ.

ಸಂಖ್ಯೆಗಳಿಗಿಂತ ನನಗೆ ಮುಖ್ಯ ಅನ್ನಿಸುವುದು ಅದರ ಜೊತೆ ಸಿಕ್ಕ ಇನ್ನೊಂದು ಸಂಗತಿ. ಯಾರ ಹಲ್ಲು ಉಳಿಯುತ್ತದೆ, ಯಾರದು ಸರಿಯುತ್ತದೆ ಅಂತ ಮೊದಲೇ ಹೇಳಲು ಅವರಿಗೆ ಒಂದೇ ಒಂದು ಸುಳಿವೂ ಸಿಗಲಿಲ್ಲ. ಮೊದಲು ಎಷ್ಟು ಸೊಟ್ಟಗಿತ್ತು, ಯಾವ ವಯಸ್ಸಿನಲ್ಲಿ ಚಿಕಿತ್ಸೆ ಆಯಿತು, ಗಂಡೋ ಹೆಣ್ಣೋ, ರಿಟೇನರ್ ಎಷ್ಟು ವರ್ಷ ಹಾಕಿದರು, ಯಾವುದೂ ಉಪಯೋಗಕ್ಕೆ ಬರಲಿಲ್ಲ. "ನಿಮ್ಮದು ಗಟ್ಟಿಯಾಗಿ ನಿಂತಿದೆ, ಇನ್ನು ರಿಟೇನರ್ ಬೇಡ" ಅಂತ ಯಾರಿಗೂ ಖಾತ್ರಿ ಕೊಡಲಾಗದಿರುವುದು ಈ ಕಾರಣಕ್ಕೆ. ನೆಟ್ಟಗಿರುವ ಹಲ್ಲು ಎಷ್ಟು ದಿನ ಬೇಕೋ ಅಷ್ಟು ದಿನ ರಿಟೇನರ್ ಬೇಕು. ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನನ್ನ ಹತ್ತಿರ ಇಲ್ಲ.

ನಾಲಿಗೆ, ತುಟಿ, ಕೆನ್ನೆಗಳ ಒತ್ತಡದ ಬಗ್ಗೆಯೂ ಒಂದು ಮಾತು. ಅಗಿಯುವಾಗ ಬೀಳುವ ಒತ್ತಡ ದೊಡ್ಡದು, ಆದರೆ ಕ್ಷಣಗಳಲ್ಲಿ ಮುಗಿಯುತ್ತದೆ. ಸುಮ್ನೆ ಕೂತಿರುವಾಗ ನಾಲಿಗೆಯೂ ತುಟಿಯೂ ಹಲ್ಲಿನ ಮೇಲೆ ಹಾಕುವ ಒತ್ತಡ ತೀರಾ ಹಗುರ, ಆದರೆ ಗಂಟೆಗಟ್ಟಲೆ ಇರುತ್ತದೆ. ಹಲ್ಲನ್ನು ಸರಿಸುವುದು ಎರಡನೆಯದು. ಕೋರೆಹಲ್ಲುಗಳನ್ನು ಜಾಸ್ತಿ ಹೊರಕ್ಕೆ ಅಗಲಿಸಿ ಜಾಗ ಮಾಡಿದ ಚಿಕಿತ್ಸೆ ಬಾಳಿಕೆ ಬರುವುದಿಲ್ಲ ಅನ್ನುವುದೂ ಇದರಿಂದಲೇ. ಹಲ್ಲು ಕೀಳದೆ ಸಾಲು ಅಗಲ ಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ, ಎಷ್ಟು, ಎಲ್ಲಿ ಅಂತ ಕೇಳಿ.

ಇನ್ನು ಬುದ್ಧಿಹಲ್ಲು. ಇದನ್ನು ನಂಬದವರೇ ಇಲ್ಲ, ಕೆಲವು ದಂತವೈದ್ಯರೂ ನಂಬುತ್ತಾರೆ. ಆ ಹಲ್ಲು ಬರುವ ವಯಸ್ಸು, ಕೆಳಗಿನ ಮುಂದಿನ ಹಲ್ಲು ಸೊಟ್ಟಗಾಗುವ ವಯಸ್ಸು ಎರಡೂ ಒಂದೇ. ಹಾಗಾಗಿ ಒಂದು ಇನ್ನೊಂದಕ್ಕೆ ಕಾರಣ ಅನ್ನಿಸುವುದು ಸಹಜ. ಆದರೆ ಬುದ್ಧಿಹಲ್ಲು ಹುಟ್ಟದೇ ಇರುವವರಲ್ಲೂ ಮುಂದಿನ ಹಲ್ಲು ಒತ್ತೊತ್ತಾಗುತ್ತದೆ. 1998ರಲ್ಲಿ ಬ್ರಿಟನ್ನಿನಲ್ಲಿ ಕ್ಲಿಪ್ ಚಿಕಿತ್ಸೆ ಮುಗಿದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿನವರ ಬುದ್ಧಿಹಲ್ಲು ಕಿತ್ತು, ಇನ್ನೊಂದು ಗುಂಪಿನವರದು ಬಿಟ್ಟು ನೋಡಿದರು. ಐದು ವರ್ಷಕ್ಕೂ ಜಾಸ್ತಿ ಸಮಯದ ನಂತರ 77 ಜನರನ್ನು ಅಳೆದಾಗ, ಮುಂದಿನ ಹಲ್ಲು ಸೊಟ್ಟಗಾಗುವುದನ್ನು ತಡೆಯಲಿಕ್ಕಾಗಿ ಬುದ್ಧಿಹಲ್ಲು ಕೀಳುವುದು ಸರಿಯಲ್ಲ ಅಂತಲೇ ತೀರ್ಮಾನವಾಯಿತು. ಬುದ್ಧಿಹಲ್ಲು ಹುಳುಕಾಗಿದ್ದರೆ, ಅದರ ಸುತ್ತ ವಸಡು ಪದೇ ಪದೇ ಬಾತುಕೊಂಡರೆ, ಪಕ್ಕದ ಹಲ್ಲನ್ನು ಹಾಳು ಮಾಡುತ್ತಿದ್ದರೆ ಖಂಡಿತ ಕೀಳಿಸಿ. ಮುಂದಿನ ಹಲ್ಲು ನೆಟ್ಟಗಾಗಲಿ ಅಂತ ಕೀಳಿಸಬೇಡಿ. ಆಗಲೇ ಸರಿದ ಹಲ್ಲನ್ನು ಅದು ವಾಪಸ್ ತರುವುದಂತೂ ಸಾಧ್ಯವೇ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಮೊದಲಿಲ್ಲದ ಸಂದು ಹೊಸದಾಗಿ ಕಾಣಿಸಿಕೊಂಡರೆ, ಮೇಲಿನ ಮುಂದಿನ ಹಲ್ಲು ಹೊರಕ್ಕೆ ಬಾಗುತ್ತಾ ಬಂದರೆ, ಬ್ರಷ್ ಮಾಡುವಾಗ ರಕ್ತ ಬಂದರೆ, ಹಲ್ಲು ಅಲ್ಲಾಡುತ್ತಿದೆ ಅನ್ನಿಸಿದರೆ, ಅದು ಮೇಲೆ ಹೇಳಿದ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ವಸಡಿನ ರೋಗದಿಂದ ಮೂಳೆ ಸವೆದಿರಬಹುದು. ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಇದು ಜಾಸ್ತಿ. ಆಗ ಮೊದಲು ವಸಡಿನ ಚಿಕಿತ್ಸೆ ಆಗಬೇಕು. ವಸಡಿನಲ್ಲಿ ರೋಗ ಇಟ್ಟುಕೊಂಡು ಹಲ್ಲು ಸರಿಸಿದರೆ ಇರುವ ಮೂಳೆಯೂ ಹೋಗುತ್ತದೆ. ಪರೀಕ್ಷೆ, ಎಕ್ಸ್‌ರೇ ಏನೂ ಇಲ್ಲದೆ ಮನೆಗೇ ಅಲೈನರ್ (ಹಲ್ಲನ್ನು ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಕಳಿಸಿಕೊಡುವವರ ಹತ್ತಿರ ಹೋಗಬೇಡಿ ಅಂತ ನಾನು ಹೇಳುವುದು ಇದಕ್ಕೇ.

ನಿಮ್ಮ ಹಳೇ ರಿಟೇನರ್ ವಿಷಯಕ್ಕೆ ಬರೋಣ. ತಣ್ಣೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಿ. ಬಿರುಕು ಬಿಟ್ಟಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಚೆನ್ನಾಗಿದ್ದರೆ ಕನ್ನಡಿ ಮುಂದೆ ನಿಂತು, ಬೆರಳಿನಿಂದ ಹಿಂದಿನ ಹಲ್ಲುಗಳ ಮೇಲೆ ಮೊದಲು ಕೂರಿಸಿ, ಆಮೇಲೆ ಮುಂದಿನದರ ಮೇಲೆ ಮೆಲ್ಲಗೆ ಒತ್ತಿ. ಈಗ ಹಲ್ಲಿನ ಅಂಚನ್ನು ಗಮನಿಸಿ. ಪ್ಲಾಸ್ಟಿಕ್ಕಿಗೂ ಹಲ್ಲಿನ ತುದಿಗೂ ನಡುವೆ ಖಾಲಿ ಜಾಗ ಕಾಣುತ್ತಿದೆಯಾ? ಬೆರಳು ತೆಗೆದ ಕೂಡಲೇ ರಿಟೇನರ್ ಮೇಲಕ್ಕೆ ಪುಟಿಯುತ್ತದಾ? ಅಂಚು ತಾಗಿದಲ್ಲಿ ವಸಡು ಬೆಳ್ಳಗಾಗುತ್ತಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂತಾದರೂ ಹಾಕಿಕೊಳ್ಳಬೇಡಿ. ಕಚ್ಚಿ ಕಚ್ಚಿ ಕೂರಿಸುವುದಂತೂ ಬೇಡವೇ ಬೇಡ. ಪೂರ್ತಿ ಕೂತು, ಬಿಗಿ ಮಾತ್ರ ಇದ್ದರೆ ರಾತ್ರಿ ಹಾಕಿಕೊಳ್ಳಬಹುದು. ಕೆಲವು ರಾತ್ರಿಗಳಲ್ಲಿ ಬಿಗಿ ಸಡಿಲಾಗಬೇಕು. ಆಗದಿದ್ದರೆ, ನೋವು ಬಂದರೆ ನಿಲ್ಲಿಸಿ. ಇಷ್ಟು ವರ್ಷ ಬಿಟ್ಟ ಮೇಲೆ, ಕೆಳಗಿನ ಹಲ್ಲು ಒಂದರ ಮೇಲೊಂದು ಏರಿದೆ ಅನ್ನುವಾಗ, ನಿಮ್ಮದು ಪೂರ್ತಿ ಕೂರುವ ಸಾಧ್ಯತೆ ಕಡಿಮೆ ಅಂತಲೇ ನನಗೆ ಅನ್ನಿಸುತ್ತದೆ.

ಹಾಗಾದರೆ ಮುಂದೇನು? ಆರ್ಥೊಡಾಂಟಿಸ್ಟ್, ಅಂದರೆ ಹಲ್ಲು ನೆಟ್ಟಗೆ ಮಾಡುವ ತಜ್ಞ ದಂತವೈದ್ಯರ ಹತ್ತಿರ ಹೋಗಿ. ನಿಮಗೆ ಕಾಣುವುದಕ್ಕೆ ತೊಂದರೆ ಇಲ್ಲ, ಹಲ್ಲು ಚೆನ್ನಾಗಿ ತೊಳೆಯಲು ಆಗುತ್ತಿದೆ, ಕಚ್ಚುವುದು ಸರಿ ಇದೆ ಅಂತಾದರೆ ಹೊಸ ಚಿಕಿತ್ಸೆ ಬೇಕೇ ಬೇಕು ಅಂತಿಲ್ಲ. ಈಗಿರುವ ಹಾಗೆಯೇ ಅಳತೆ ತೆಗೆಸಿ ಹೊಸ ರಿಟೇನರ್ ಮಾಡಿಸಿಕೊಂಡರೆ ಇನ್ನೂ ಕೆಡುವುದು ನಿಲ್ಲುತ್ತದೆ. ಈ ದಾರಿಯನ್ನು ಎಷ್ಟೋ ಜನರಿಗೆ ಯಾರೂ ಹೇಳುವುದೇ ಇಲ್ಲ. ನೆಟ್ಟಗೆ ಮಾಡಿಸಲೇಬೇಕು ಅನ್ನಿಸಿದರೆ, ಸ್ವಲ್ಪವೇ ಸರಿದಿದ್ದಾಗ ಕೆಲವು ಅಲೈನರ್‌ಗಳು ಅಥವಾ ಮುಂದಿನ ಹಲ್ಲುಗಳಿಗಷ್ಟೇ ಕ್ಲಿಪ್ ಹಾಕಿದರೂ ಸಾಕಾಗುತ್ತದೆ. ಜಾಗಕ್ಕಾಗಿ ಹಲ್ಲಿನ ಪಕ್ಕಗಳನ್ನು ತುಸು ಉಜ್ಜಬಹುದು, ಒಂದು ಮೈಗೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಮೀರದ ಹಾಗೆ. ಯಾವ ದಾರಿ ಹಿಡಿದರೂ ಕೊನೆಗೆ ರಿಟೇನರ್ ಇದ್ದೇ ಇರುತ್ತದೆ. ಈ ಸಲವೂ ಹಾಕಿಕೊಳ್ಳಲಾರೆ ಅಂತಾದರೆ ಹಲ್ಲು ಸರಿಸಲು ಹೋಗದಿರುವುದೇ ಮೇಲು.

ತೆಗೆದು ಹಾಕುವ ರಿಟೇನರ್‌ಗಳಲ್ಲಿ ಎರಡು ಬಗೆ. ಒಂದು ನಿಮ್ಮಲ್ಲಿರುವ ಪ್ಲಾಸ್ಟಿಕ್ಕಿನದು. ಕಾಣುವುದಿಲ್ಲ, ಮುಂದಿನ ಹಲ್ಲನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಸವೆಯುತ್ತದೆ, ಬಿರುಕು ಬಿಡುತ್ತದೆ. ಇನ್ನೊಂದು ಅಂಗುಳಿಗೆ ಗಟ್ಟಿ ಅಕ್ರಿಲಿಕ್, ಮುಂದೆ ತಂತಿ ಇರುವ, "ಹಾಲಿ" (Hawley) ಎಂಬ ಹೆಸರಿನ ರಿಟೇನರ್. ನೂರು ವರ್ಷ ಹಳೆಯದು, ಗಟ್ಟಿಮುಟ್ಟು, ಆದರೆ ತಂತಿ ಕಾಣುತ್ತದೆ, ಮಾತು ಮೊದಲು ಸ್ವಲ್ಪ ತೊದಲುತ್ತದೆ.

ಮೂರನೆಯದು ಹಲ್ಲಿನ ಹಿಂಬದಿಗೆ ಅಂಟಿಸುವ ತಂತಿ. ನಿಮ್ಮಂಥವರ ಕೆಳಗಿನ ಹಲ್ಲಿಗೆ ನಾನು ಸಾಮಾನ್ಯವಾಗಿ ಇದನ್ನೇ ಹೇಳುವುದು. ಮರೆಯುವ ಪ್ರಶ್ನೆಯೇ ಇಲ್ಲ, ಅಲ್ವಾ? ಆದರೆ ಹಾಕಿಸಿಕೊಂಡು ಮರೆತೂ ಬಿಡಬಾರದು. ಆರು ಹಲ್ಲಿನಲ್ಲಿ ಒಂದರ ಅಂಟು ಬಿಟ್ಟರೂ ತಂತಿ ಅಲ್ಲೇ ಇರುತ್ತದೆ, ಬಿಟ್ಟಿದ್ದು ಗೊತ್ತೇ ಆಗುವುದಿಲ್ಲ. ಆ ಒಂದು ಹಲ್ಲು ಮಾತ್ರ ಮೆಲ್ಲಗೆ ಹೊರಟಿರುತ್ತದೆ. ಆಗಾಗ ಉಗುರಿನ ತುದಿಯಿಂದ ಪ್ರತಿ ಹಲ್ಲಿನ ಹಿಂದೆ ತಂತಿಯನ್ನು ಒತ್ತಿ ನೋಡಿ. ಎಲ್ಲಿ ಅಲ್ಲಾಡುತ್ತದೋ ಅಲ್ಲಿ ಅಂಟು ಬಿಟ್ಟಿದೆ. ಕನ್ನಡಿಯಲ್ಲಿ ನೋಡಿದರೆ ಅಂಟಿನ ಬೊಟ್ಟಿಗೂ ಹಲ್ಲಿಗೂ ನಡುವೆ ಸಣ್ಣ ಗೆರೆ ಕಾಣಬಹುದು. ಇನ್ನೊಂದು ಅಪರೂಪದ ತೊಂದರೆ, ಅಂಟು ಎಲ್ಲೂ ಬಿಡದೆಯೇ ತಂತಿಯೇ ಹಲ್ಲನ್ನು ಸರಿಸುವುದು. ಹೆಣೆದ ತಂತಿ ಬಾಗಿದರೆ ಅಥವಾ ಬಿಗಿಯಾಗಿ ಅಂಟಿಸಿದ್ದರೆ ಅದು ತಾನೇ ಒತ್ತಡ ಹಾಕುತ್ತದೆ. ವರ್ಷಗಳ ನಂತರ ಒಂದು ಹಲ್ಲಿನ ಬೇರು ಮೂಳೆಯಿಂದ ಹೊರಕ್ಕೆ ತಳ್ಳಿಸಿಕೊಂಡು, ವಸಡು ಕೆಳಕ್ಕೆ ಜಾರಿ, ಪಕ್ಕದ ಹಲ್ಲು ಇನ್ನೊಂದು ದಿಕ್ಕಿಗೆ ವಾಲಿರುತ್ತದೆ. ತಂತಿ ಇದ್ದೂ ಹಲ್ಲು ವಿಚಿತ್ರವಾಗಿ ತಿರುಗುತ್ತಿದೆ ಅನ್ನಿಸಿದರೆ ಕಾಯಬೇಡಿ, ತಂತಿಯನ್ನು ಬೇಗ ತೆಗೆಸಬೇಕಾಗುತ್ತದೆ. ತಂತಿಯ ಹಿಂದೆ ಪಾಚಿ ಕಟ್ಟುವುದೂ ಜಾಸ್ತಿ. ಸಂದಿಗೆ ಹೋಗುವ ಸಣ್ಣ ಬ್ರಷ್ ದಿನಾ ಬಳಸಬೇಕು. ತಂತಿಯ ಮೇಲೆ ರಾತ್ರಿ ಪ್ಲಾಸ್ಟಿಕ್ ರಿಟೇನರ್ ಕೂಡ ಹಾಕಿಕೊಂಡರೆ, ಅಂಟು ಬಿಟ್ಟ ದಿನವೂ ಹಲ್ಲು ನಿಂತಿರುತ್ತದೆ.

ನಿಮ್ಮ ತಂಗಿಗೆ ಇಷ್ಟು ಹೇಳಿ. ಮೊದಲ ಒಂದು ವರ್ಷ ತೀರಾ ಮುಖ್ಯ, ಆ ನಾರುಗಳು ಹೊಂದಿಕೊಳ್ಳುವ ಸಮಯ ಅದು. ದಿನವಿಡೀ ಹಾಕಬೇಕೋ ರಾತ್ರಿ ಸಾಕೋ ಅನ್ನುವುದನ್ನು ಅವಳ ಹಲ್ಲು ನೋಡಿದ ವೈದ್ಯರೇ ಹೇಳಬೇಕು. ಪ್ಲಾಸ್ಟಿಕ್ ರಿಟೇನರ್ ಅನ್ನು ರಾತ್ರಿ ಮಾತ್ರ ಹಾಕಿದರೂ ಬಹಳ ಜನರಿಗೆ ಸಾಕಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ, ಹಾಗಾಗಿ ರಾತ್ರಿ ಮಾತ್ರ ಅಂದರೆ ಗಾಬರಿ ಬೇಡ. ಬಿಸಿನೀರಿನಲ್ಲಿ ತೊಳೆಯಬಾರದು, ಪ್ಲಾಸ್ಟಿಕ್ ಆಕಾರ ಕೆಡುತ್ತದೆ. ಅದನ್ನು ಹಾಕಿಕೊಂಡು ನೀರು ಬಿಟ್ಟು ಬೇರೇನೂ ಕುಡಿಯಬಾರದು. ಸಿಹಿ ಒಳಗೆ ಸಿಕ್ಕಿಕೊಂಡರೆ ಹಲ್ಲು ಹುಳುಕಾಗುತ್ತದೆ. ಊಟಕ್ಕೆ ತೆಗೆದಾಗ ಪೇಪರಿನಲ್ಲಿ ಸುತ್ತಿಡಬಾರದು, ಕಸದ ಜೊತೆ ಹೋಗುವುದು ಹಾಗೆಯೇ. ಡಬ್ಬಿಯಲ್ಲೇ ಇಡಬೇಕು, ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಸಿಗದ ಹಾಗೆ.

ಎಂದಾದರೂ ನಾಲ್ಕು ದಿನ ತಪ್ಪಿಸಿ ಮತ್ತೆ ಹಾಕಿದಾಗ ಬಿಗಿ ಅನ್ನಿಸಿದರೆ, ಹಲ್ಲು ಆಗಲೇ ಸರಿಯಲು ಶುರುಮಾಡಿದೆ ಅಂತ ತಿಳಿಯಬೇಕು. ಮುಂದಿನ ಕೆಲವು ದಿನ ಹಗಲೂ ಹಾಕಿಕೊಳ್ಳಲಿ. ಕಳೆದುಹೋದರೆ ಅಥವಾ ಒಡೆದರೆ ರಜೆ ಬರಲಿ, ಪರೀಕ್ಷೆ ಮುಗಿಯಲಿ ಅಂತ ಕಾಯದೆ ಅದೇ ವಾರ ಹೊಸದು ಮಾಡಿಸಲಿ. ಕ್ಲಿಪ್ ತೆಗೆದ ದಿನವೇ ಹಲ್ಲಿನ ಸ್ಕ್ಯಾನ್ ಫೈಲ್ ಅಥವಾ ಅಚ್ಚನ್ನು ಕೇಳಿ ಮನೆಗೆ ತಂದಿಟ್ಟುಕೊಳ್ಳಿ, ಸಾಧ್ಯವಾದರೆ ಎರಡು ಜೊತೆ ರಿಟೇನರ್ ಮಾಡಿಸಿ. ಆ ಅಚ್ಚು ಇದ್ದರೆ, ಎಲ್ಲೇ ಇದ್ದರೂ, ಹಲ್ಲು ನೆಟ್ಟಗಿದ್ದ ಆ ದಿನದ ಅಳತೆಗೇ ಇನ್ನೊಂದು ಮಾಡಿಸಬಹುದು.